ಸ್ಟೆಬಿಲೈಸರ್ ಇದ್ದರೂ ಬೋರ್ಡ್ ಸುಟ್ಟಿದ್ದು ಯಾಕೆ?

ಫ್ರಿಜ್ಜಿಗೆ ಸ್ಟೆಬಿಲೈಸರ್ ಇತ್ತು. ಅದೂ ಒಳ್ಳೆಯದೇ. ಆದರೂ ಒಂದು ರಾತ್ರಿ ಗುಡುಗು ಮಿಂಚು ಜೋರಾಗಿ ಬಂದು ಹೋದ ಮೇಲೆ, ಬೆಳಗ್ಗೆ ಎದ್ದು ನೋಡಿದರೆ ಫ್ರಿಜ್ ಸತ್ತಿತ್ತು. ಹಿಂದಿನ ಮುಚ್ಚಳ ಬಿಚ್ಚಿದರೆ ಬೋರ್ಡಿನ ಮೇಲೆ ಕಪ್ಪು ಕಲೆ, ಮೂಗಿಗೆ ಹೊಡೆಯುವ ಸುಟ್ಟ ವಾಸನೆ. ಸ್ಟೆಬಿಲೈಸರ್ ಮಾತ್ರ ತನಗೇನೂ ಸಂಬಂಧವಿಲ್ಲ ಎಂಬಂತೆ ಹಸಿರು ದೀಪ ಹೊತ್ತಿಸಿಕೊಂಡು ಕೂತಿತ್ತು. ಆವತ್ತು ಅದನ್ನು ಮನಸಾರೆ ಬೈದೆ. ಆಮೇಲೆ ತಿಳಿದುಕೊಳ್ಳುತ್ತಾ ಹೋದಾಗ ಗೊತ್ತಾಯಿತು, ತಪ್ಪು ಅದರದ್ದಲ್ಲ. ಅದರ ಕೈಲಾಗದ ಕೆಲಸಕ್ಕೆ ಅದನ್ನು ಕೂರಿಸಿದ್ದು ನಾನು.

ಸ್ಟೆಬಿಲೈಸರ್, ಸರ್ಜ್ ಪ್ರೊಟೆಕ್ಟರ್, ಯುಪಿಎಸ್, ಇನ್ವರ್ಟರ್. ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರುತ್ತೇವೆ. ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ರಕ್ಷಣೆ, ಅಷ್ಟೇ. ಆದರೆ ಕರೆಂಟಿನ ತೊಂದರೆಗಳಲ್ಲಿ ಕೆಲವು ಕಣ್ಣು ಮಿಟುಕಿಸುವುದಕ್ಕಿಂತ ಸಾವಿರಾರು ಪಟ್ಟು ಬೇಗ ಬಂದು ಹೋಗುತ್ತವೆ. ಇನ್ನು ಕೆಲವು ಇಡೀ ಸಂಜೆ ಬಿಡದೆ ಕಾಡುತ್ತವೆ. ಯಾವ ಪೆಟ್ಟಿಗೆ ಯಾವುದಕ್ಕೆ ಅಂತ ತಿಳಿಯಬೇಕಾದರೆ ಮೊದಲು ಕೇಳಬೇಕಾದ್ದು "ಎಷ್ಟು ವೋಲ್ಟ್" ಅಂತಲ್ಲ, "ಎಷ್ಟು ಹೊತ್ತು" ಅಂತ.

ಮೊದಲು ಗೋಡೆಯ ಸಾಕೆಟ್ಟಿನಲ್ಲಿ ಏನು ಬರುತ್ತದೆ ನೋಡೋಣ. ಜಗತ್ತಿನ ಬಹುಪಾಲು ದೇಶಗಳಲ್ಲಿ ಅದು 230 ವೋಲ್ಟ್ ಆಸುಪಾಸು, 50 ಹರ್ಟ್ಜ್. ಅಮೆರಿಕದಂಥ ಕಡೆ 120 ವೋಲ್ಟ್, 60 ಹರ್ಟ್ಜ್. ಅಂಕಿ ಬೇರೆ, ವಿಷಯ ಅದೇ. ಈ ವೋಲ್ಟೇಜ್ ಒಂದೇ ಮಟ್ಟದಲ್ಲಿ ನಿಂತಿರುವುದಿಲ್ಲ. ಸೆಕೆಂಡಿಗೆ 50 ಸಲ ಅಲೆಯ ಹಾಗೆ ಏರಿ ಇಳಿಯುತ್ತದೆ. ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಇಷ್ಟು ಏರಿಳಿತದ ಕರೆಂಟು ಒಂದು ಹೀಟರಿಗೆ ಕೊಡುವ ಬಿಸಿಯನ್ನೇ ಏರಿಳಿತವಿಲ್ಲದ 230 ವೋಲ್ಟ್ ಡಿಸಿ ಕೂಡ ಕೊಡುತ್ತದೆ. ಅದಕ್ಕೇ ಇದನ್ನು 230 ವೋಲ್ಟ್ ಅನ್ನುವುದು. ಒಂದು ಪೂರ್ತಿ ಅಲೆಗೆ ಹಿಡಿಯುವ ಸಮಯ 20 ಮಿಲಿಸೆಕೆಂಡ್. ಈ 20 ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

230 ಅಂದರೆ ಕರಾರುವಾಕ್ಕಾಗಿ 230 ಎಂದೂ ಅಲ್ಲ. ಸಾಮಾನ್ಯವಾಗಿ ಶೇಕಡಾ 10ರಷ್ಟು ಆಚೀಚೆ ಇದ್ದರೆ, ಅಂದರೆ 207ರಿಂದ 253ರವರೆಗೆ, ಉಪಕರಣಗಳು ಗೊಣಗದೆ ಕೆಲಸ ಮಾಡುವ ಹಾಗೆ ತಯಾರಾಗಿರುತ್ತವೆ. ತೊಂದರೆ ಶುರುವಾಗುವುದು ಇದರ ಹೊರಗೆ.

ವೋಲ್ಟೇಜ್ ಇಳಿದರೆ ಯಾರಿಗೆ ಕಷ್ಟ

ಎಲ್ಲರಿಗೂ ಅಲ್ಲ. ನೀರು ಕಾಯಿಸುವ ಹೀಟರಿಗೆ ವೋಲ್ಟೇಜ್ ಕಡಿಮೆಯಾದರೆ ಏನೂ ಕೆಡುವುದಿಲ್ಲ, ನೀರು ನಿಧಾನ ಕಾಯುತ್ತದೆ ಅಷ್ಟೇ. ಅದರ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 2000 ವ್ಯಾಟಿನ ಹೀಟರಿಗೆ 180 ವೋಲ್ಟ್ ಕೊಟ್ಟರೆ ಅದು ಸುಮಾರು 1225 ವ್ಯಾಟಿನ ಹೀಟರ್ ಆಗಿಬಿಡುತ್ತದೆ.

ಮೋಟಾರಿನ ಕಥೆ ಬೇರೆ. ಅದು ತಿರುಗಿಸುವ ಬಲವೂ ಹೀಗೇ ವರ್ಗದ ಲೆಕ್ಕದಲ್ಲೇ ಕುಸಿಯುತ್ತದೆ. ವೋಲ್ಟೇಜ್ 170ಕ್ಕೆ ಬಂದರೆ ಫ್ರಿಜ್ಜಿನ ಕಂಪ್ರೆಸರಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಬಲ. ಒಳಗೆ ಗ್ಯಾಸಿನ ಒತ್ತಡ ಮಾತ್ರ ಮೊದಲಿನಷ್ಟೇ ಇರುತ್ತದೆ. ಆ ಒತ್ತಡದ ಎದುರು ಮೋಟಾರ್ ಏಳಲಾರದೆ "ಗುಂಯ್" ಅನ್ನುತ್ತಾ ನಿಂತುಬಿಡುತ್ತದೆ. ನಿಂತ ಮೋಟಾರ್ ಓಡುವ ಮೋಟಾರಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ಕಾಯುತ್ತದೆ, ಓವರ್‌ಲೋಡ್ ಸ್ವಿಚ್ ಕಟ್ ಆಗುತ್ತದೆ, ತಣ್ಣಗಾದ ಮೇಲೆ ಮತ್ತೆ ಪ್ರಯತ್ನ, ಮತ್ತೆ ಗುಂಯ್. ಒಂದು ಸಂಜೆ ಹೀಗಾದರೆ ಸಹಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹೀಗೇ ಆದರೆ ತಂತಿಯ ಮೇಲಿನ ವಾರ್ನಿಷ್ ಸುಟ್ಟು ವೈಂಡಿಂಗ್ ಶಾರ್ಟ್ ಆಗುತ್ತದೆ. ನೀರೆತ್ತುವ ಪಂಪ್‌ಸೆಟ್, ಎಸಿ, ಎಲ್ಲದರದ್ದೂ ಇದೇ ಪಾಡು.

ಇನ್ನು ಟಿವಿ, ಲ್ಯಾಪ್‌ಟಾಪ್, ಫೋನ್ ಚಾರ್ಜರ್. ಇವುಗಳ ಒಳಗಿರುವುದು ಸ್ವಿಚಿಂಗ್ ಪವರ್ ಸಪ್ಲೈ. ಹಿಂಬದಿಯ ಲೇಬಲ್ ಓದಿ ನೋಡಿ. "100-240 ವೋಲ್ಟ್" ಅಂತ ಇದ್ದರೆ ವೋಲ್ಟೇಜ್ 150ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಕಡಿಮೆ ವೋಲ್ಟೇಜಿಗೆ ಸ್ವಲ್ಪ ಜಾಸ್ತಿ ಕರೆಂಟ್ ಎಳೆದು ಸರಿದೂಗಿಸಿಕೊಳ್ಳುತ್ತದೆ. ಇಂಥ ಟಿವಿಗೆ ಡಿಮ್ ಕರೆಂಟಿನ ಭಯಕ್ಕೆ ಸ್ಟೆಬಿಲೈಸರ್ ಕೊಳ್ಳುವುದು ಸುಮ್ನೆ ಖರ್ಚು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿರುವ ಅಪಾಯ ಬೇರೆ ಕಡೆಯಿಂದ ಬರುತ್ತದೆ.

ಸ್ಟೆಬಿಲೈಸರಿನ ಹೊಟ್ಟೆಯೊಳಗೆ

ಮನೆಗಳಲ್ಲಿ ಕಾಣುವ ಸಾಮಾನ್ಯ ಸ್ಟೆಬಿಲೈಸರಿನಲ್ಲಿ ಇರುವುದು ಒಂದು ಆಟೋಟ್ರಾನ್ಸ್‌ಫಾರ್ಮರ್. ಕಬ್ಬಿಣದ ತಿರುಳಿಗೆ ಸುತ್ತಿದ ತಂತಿ, ಆ ತಂತಿಯಿಂದ ಅಲ್ಲಲ್ಲಿ ಹೊರಗೆಳೆದ ಟ್ಯಾಪ್‌ಗಳು. ಏಣಿಯ ಮೆಟ್ಟಿಲು ಅಂದುಕೊಳ್ಳಿ. ಬರುವ ವೋಲ್ಟೇಜ್ ಇಳಿದರೆ ರಿಲೇ ಎಂಬ ಕರೆಂಟಿನಿಂದ ಓಡುವ ಸ್ವಿಚ್ ಮೇಲಿನ ಮೆಟ್ಟಿಲಿಗೆ ಜೋಡಿಸುತ್ತದೆ, ಏರಿದರೆ ಕೆಳಗಿನದಕ್ಕೆ. ಸಂಜೆ ಹೊತ್ತು ಕೇಳುವ "ಟಕ್ ಟಕ್" ಸದ್ದು ಇದೇ. ಮೆಟ್ಟಿಲುಗಳ ನಡುವೆ ಅಂತರ ಇರುವುದರಿಂದ ಹೊರಬರುವ ವೋಲ್ಟೇಜ್ ಕೂಡ ಒಂದೇ ಕಡೆ ನಿಲ್ಲುವುದಿಲ್ಲ, 200ರಿಂದ 240ರ ನಡುವೆ ಎಲ್ಲೋ ಇರುತ್ತದೆ. ಕಂಪ್ರೆಸರಿಗೆ ಅಷ್ಟು ಸಾಕು.

ಸರ್ವೋ ಸ್ಟೆಬಿಲೈಸರಿನಲ್ಲಿ ಮೆಟ್ಟಿಲಿಲ್ಲ, ಜಾರುಬಂಡೆ ಇದೆ. ಉಂಗುರದಂಥ ಟ್ರಾನ್ಸ್‌ಫಾರ್ಮರಿನ ಮೇಲೆ ಒಂದು ಕಾರ್ಬನ್ ಬ್ರಷ್ಷನ್ನು ಪುಟ್ಟ ಮೋಟಾರ್ ಸರಿಸುತ್ತಾ ಇರುತ್ತದೆ. ಶೇಕಡಾ 1ರಷ್ಟು ನಿಖರತೆ ಸಿಗುತ್ತದೆ. ಆದರೆ ಮೋಟಾರ್ ಓಡಿ ಬ್ರಷ್ ಸರಿಯಬೇಕಲ್ಲ, ದೊಡ್ಡ ಏರಿಳಿತ ಸರಿಯಾಗಲು ಒಂದೆರಡು ಸೆಕೆಂಡ್ ಬೇಕು. ಬ್ರಷ್ ಸವೆಯುತ್ತದೆ, ಆಗಾಗ ಬದಲಿಸಬೇಕು. ಲೇಬೊರೇಟರಿ, ಸ್ಕ್ಯಾನಿಂಗ್ ಯಂತ್ರ, ಕಾರ್ಖಾನೆಗಳಿಗೆ ಇದು ಸರಿ.

ಮೂರನೆಯದು ಈಗ ಅಪರೂಪ, ಆದರೆ ನನಗೆ ತುಂಬಾ ಇಷ್ಟ. ಸಿವಿಟಿ, ಅಂದರೆ ಕಾನ್ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್. 1938ರಲ್ಲಿ ಅಮೆರಿಕದ ಜೋಸೆಫ್ ಸೋಲಾ ಕಂಡುಹಿಡಿದದ್ದು. ಇದರಲ್ಲಿ ರಿಲೇ ಇಲ್ಲ, ಮೋಟಾರಿಲ್ಲ, ಅಲ್ಲಾಡುವ ಯಾವ ಭಾಗವೂ ಇಲ್ಲ. ಒಂದು ಕಂಡೆನ್ಸರ್ ಸೇರಿಸಿ, ಕಬ್ಬಿಣದ ತಿರುಳು ಇನ್ನು ಕಾಂತತ್ವ ಹಿಡಿಯಲಾರೆ ಅನ್ನುವ ಮಟ್ಟಕ್ಕೆ ಅದನ್ನು ತುಂಬಿಸಿಟ್ಟಿರುತ್ತಾರೆ. ನೀರು ಕುಡಿದು ತುಂಬಿದ ಸ್ಪಂಜಿಗೆ ಮೇಲಿಂದ ಎಷ್ಟು ಸುರಿದರೂ ಅದು ಹಿಡಿಯುವುದು ಅಷ್ಟೇ ಅಲ್ವಾ? ಹಾಗೇ ಒಳಬರುವ ವೋಲ್ಟೇಜ್ ಏರಿದರೂ ಇಳಿದರೂ ಹೊರಗೆ ಬರುವುದು ಹೆಚ್ಚುಕಡಿಮೆ ಒಂದೇ. ಬದಲಿಗೆ ಅದು ಸದಾ ಗುಂಯ್‌ಗುಡುತ್ತದೆ, ಲೋಡ್ ಇಲ್ಲದಿದ್ದರೂ ಬಿಸಿಯಾಗಿರುತ್ತದೆ, ಜನರೇಟರಿನ ಫ್ರೀಕ್ವೆನ್ಸಿ ತಪ್ಪಿದರೆ ಇದರ ವೋಲ್ಟೇಜೂ ತಪ್ಪುತ್ತದೆ. ಹಳೆಯ ಕಂಪ್ಯೂಟರ್ ಕೋಣೆಗಳಲ್ಲಿ ಕೆಲಸ ಮಾಡಿದವರಿಗೆ ಆ ಸದ್ದು ಇನ್ನೂ ನೆನಪಿರಬಹುದು.

ಒಂದು ಅಡ್ಡ ಮಾತು. ಸ್ಟೆಬಿಲೈಸರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. 170 ವೋಲ್ಟನ್ನು 220 ಮಾಡಿ ಕೊಡಬೇಕಾದರೆ ಲೈನಿನಿಂದ ಅಷ್ಟೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಬಡಕಲು ಲೈನಿನ ಕೊನೆಯಲ್ಲಿ ಎಲ್ಲರೂ ಸ್ಟೆಬಿಲೈಸರ್ ಹಾಕಿಕೊಂಡರೆ ಆ ಲೈನಿನ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ನಮ್ಮ ಫ್ರಿಜ್ ಬದುಕುವುದು ಪಕ್ಕದವರ ಫ್ರಿಜ್ಜಿನ ಪಾಲನ್ನು ತಿಂದು.

ಸ್ಟೆಬಿಲೈಸರಿನಲ್ಲಿ ಜನ ಗಮನಿಸದ, ಆದರೆ ಬಹಳ ಮುಖ್ಯವಾದ ಎರಡು ಸೌಲಭ್ಯಗಳಿವೆ. ಒಂದು, ಕರೆಂಟ್ ಬಂದ ತಕ್ಷಣ ಫ್ರಿಜ್ಜಿಗೆ ಕೊಡದೆ ಸುಮಾರು 3 ನಿಮಿಷ ಕಾಯುವುದು. ಕಂಪ್ರೆಸರಿನ ಎರಡೂ ಬದಿಯ ಗ್ಯಾಸಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು. ಎರಡು, ವೋಲ್ಟೇಜ್ ಕೈಮೀರಿ ಏರಿದರೆ ಸರಿಪಡಿಸುವ ಹಟ ಬಿಟ್ಟು ಪೂರ್ತಿ ಕಟ್ ಮಾಡುವುದು. ಇದಕ್ಕೆ ಹೈ ಕಟ್ ಅನ್ನುತ್ತಾರೆ. ಕೊಳ್ಳುವಾಗ ಇದಿದೆಯಾ ಅಂತ ಖಂಡಿತ ಕೇಳಿ. ಯಾಕೆ ಅಂದರೆ, ನ್ಯೂಟ್ರಲ್ ಕಟ್.

ತ್ರೀ ಫೇಸ್ ಲೈನಿನಲ್ಲಿ ಪ್ರತಿ ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ 400. ಎಲ್ಲರ ಮನೆಯ ಕರೆಂಟೂ ಮರಳಿ ಹೋಗುವ ದಾರಿ ನ್ಯೂಟ್ರಲ್. ಕಂಬದ ಮೇಲೆ ಅದು ತುಂಡಾಯಿತು ಅಂದುಕೊಳ್ಳಿ. ಆಗ ಒಂದು ಫೇಸಿನ ಮನೆಗಳೂ ಇನ್ನೊಂದು ಫೇಸಿನ ಮನೆಗಳೂ ಒಂದರ ಹಿಂದೊಂದು ಸೇರಿ ಆ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ಸಮವಾಗಿರುವುದಿಲ್ಲ. ಹೀಟರ್ ಹಾಕಿಕೊಂಡವರ ಮನೆಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಬರೀ ಒಂದು ಬಲ್ಬು, ಟಿವಿ ಹಾಕಿಕೊಂಡವರ ಮನೆಗೆ 350, 380 ನುಗ್ಗುತ್ತದೆ. ಇದು ಮೈಕ್ರೋಸೆಕೆಂಡಿನ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನ) ಮಾತಲ್ಲ, ಯಾರಾದರೂ ಮೇನ್ ಆಫ್ ಮಾಡುವ ತನಕ ಹೀಗೇ. ಬೀದಿಯ ಐದಾರು ಮನೆಗಳ ಟಿವಿ ಒಟ್ಟಿಗೆ ಸತ್ತ ಕಥೆ ಕೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ. ಇದಕ್ಕೆ ಮದ್ದು ಹೈ ಕಟ್ ಇರುವ ಸ್ಟೆಬಿಲೈಸರ್, ಇಲ್ಲವೇ ಮೇನ್ ಬೋರ್ಡಿನಲ್ಲೇ ಕೂರಿಸುವ ಓವರ್ ವೋಲ್ಟೇಜ್ ರಿಲೇ. ಟಿವಿಗೆ ಬೇರೆ ಕಡೆಯಿಂದ ಅಪಾಯ ಅಂದೆನಲ್ಲ, ಅದರಲ್ಲಿ ಒಂದು ಇದು.

ಇನ್ನೊಂದು ಅಪಾಯ: ಮಿಂಚು

ಎಲ್ಲೋ ದೂರದಲ್ಲಿ ಸಿಡಿಲು ಬಿದ್ದರೂ ಲೈನಿನಲ್ಲಿ ಸಾವಿರಾರು ವೋಲ್ಟಿನ ಒಂದು ಏಟು, ಅಂದರೆ ಸರ್ಜ್, ಹರಿದು ಬರಬಹುದು. ಇಂಥ ಏಟನ್ನು ಲ್ಯಾಬಿನಲ್ಲಿ ಅನುಕರಿಸಿ ಉಪಕರಣಗಳನ್ನು ಪರೀಕ್ಷಿಸಲು ಒಂದು ಮಾದರಿ ಅಲೆ ಇದೆ. ಅದು 1.2 ಮೈಕ್ರೋಸೆಕೆಂಡಿನಲ್ಲಿ ತುದಿ ಮುಟ್ಟಿ, 50 ಮೈಕ್ರೋಸೆಕೆಂಡಿನ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಸ್ಟೆಬಿಲೈಸರಿನ ರಿಲೇ ಒಂದು ಮೆಟ್ಟಿಲು ಬದಲಿಸಲು ಹಿಡಿಯುವ ಸಮಯ ಸುಮಾರು 10 ಮಿಲಿಸೆಕೆಂಡ್, ಅಂದರೆ 10,000 ಮೈಕ್ರೋಸೆಕೆಂಡ್. ರಿಲೇ ಕಣ್ಣು ಬಿಡುವಷ್ಟರಲ್ಲಿ ಏಟು ಬಂದು, ಬೋರ್ಡನ್ನು ಸುಟ್ಟು, ಹೋಗಿ ಆಗಿರುತ್ತದೆ. ಆಟೋಟ್ರಾನ್ಸ್‌ಫಾರ್ಮರಿನಲ್ಲಿ ಒಳಬರುವ ತಂತಿಯೂ ಹೊರಹೋಗುವ ತಂತಿಯೂ ಒಂದೇ ಸುತ್ತಿನ ಭಾಗ. ನಡುವೆ ಗೋಡೆಯೇ ಇಲ್ಲ. ಹಸಿರು ದೀಪದ ಸ್ಟೆಬಿಲೈಸರ್ ಆ ರಾತ್ರಿ ಏನು ತಾನೇ ಮಾಡೀತು?

ಈ ಕೆಲಸಕ್ಕೆ ಇರುವುದು ಎಂಒವಿ (ಮೆಟಲ್ ಆಕ್ಸೈಡ್ ವೇರಿಸ್ಟರ್) ಎಂಬ ಪುಟ್ಟ ಬಿಲ್ಲೆ. ಹೆಚ್ಚಾಗಿ ನೀಲಿ ಬಣ್ಣದ್ದು, ಗುಂಡಿಯಷ್ಟು ದೊಡ್ಡದು. ಒಳಗೆ ಝಿಂಕ್ ಆಕ್ಸೈಡಿನ ಹರಳುಗಳು. ಮಾಮೂಲಿ ವೋಲ್ಟೇಜಿನಲ್ಲಿ ಇದು ಕರೆಂಟನ್ನು ಬಿಡುವುದೇ ಇಲ್ಲ. ವೋಲ್ಟೇಜ್ ಒಂದು ಮಟ್ಟ ದಾಟಿದ ಕೂಡಲೇ, ಮೈಕ್ರೋಸೆಕೆಂಡೂ ಕಾಯದೆ, ಬಾಗಿಲು ತೆರೆದು ಏಟನ್ನು ನ್ಯೂಟ್ರಲಿಗೆ ಮತ್ತು ಅರ್ಥಿಂಗಿಗೆ ಹರಿಸಿಬಿಡುತ್ತದೆ. ಸರ್ಜ್ ಪ್ರೊಟೆಕ್ಟರ್ ಅಂತ ಮಾರುವ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇರುವುದು ಇದೇ. ಬರೀ ಸ್ವಿಚ್ಚು, ಕೆಂಪು ದೀಪ ಇದ್ದ ಮಾತ್ರಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್ ಸರ್ಜ್ ಪ್ರೊಟೆಕ್ಟರ್ ಆಗುವುದಿಲ್ಲ.

ಎಂಒವಿ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಒಂದು ದಿನ ಸದ್ದಿಲ್ಲದೆ ಮುಗಿದುಹೋಗುತ್ತದೆ, ಬೋರ್ಡಿನಲ್ಲಿ ಕರೆಂಟ್ ಮಾತ್ರ ಬರುತ್ತಲೇ ಇರುತ್ತದೆ. "ಪ್ರೊಟೆಕ್ಟೆಡ್" ಅನ್ನುವ ದೀಪ ಇರುವಂಥದ್ದನ್ನು ಕೊಂಡರೆ ಅದು ಆರಿದಾಗ ಗೊತ್ತಾಗುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಇದರ ಅರ್ಧ ಕೆಲಸ ನಡೆಯುವುದೇ ಇಲ್ಲ. ನ್ಯೂಟ್ರಲ್ ಕಟ್ಟಿನಂಥ ದೀರ್ಘಕಾಲದ ಹೈ ವೋಲ್ಟೇಜ್ ಎದುರಿಸಲು ಇದನ್ನು ಬಿಟ್ಟರೆ ಬೆಂದುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಏಟು ಕರೆಂಟಿನ ತಂತಿಯಿಂದಷ್ಟೇ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಕೇಬಲ್ ಟಿವಿಯ ತಂತಿ, ಇಂಟರ್‌ನೆಟ್ಟಿನ ತಾಮ್ರದ ತಂತಿಯಿಂದಲೂ ಬರುತ್ತದೆ. ಇನ್ನು ಮನೆಗೇ ನೇರವಾಗಿ ಸಿಡಿಲು ಬಿದ್ದರೆ ಗುಂಡಿಯಷ್ಟು ಬಿಲ್ಲೆ ಯಾವ ಲೆಕ್ಕ? ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ ಕಿತ್ತಿಡುವುದು ಹಳೆಯ ಉಪಾಯ, ಖರ್ಚಿಲ್ಲದ್ದು.

ಕರೆಂಟ್ ಹೋದಾಗ

ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ದೊಡ್ಡ ಕಂಡೆನ್ಸರುಗಳಲ್ಲಿ ಸ್ವಲ್ಪ ಶಕ್ತಿ ಕೂಡಿಟ್ಟಿರುತ್ತದೆ. ಕರೆಂಟ್ ಪೂರ್ತಿ ಹೋದರೂ ಸುಮಾರು 20 ಮಿಲಿಸೆಕೆಂಡ್, ಅಂದರೆ ಒಂದು ಅಲೆಯಷ್ಟು ಹೊತ್ತು, ಅದು ಉಸಿರು ಹಿಡಿದುಕೊಂಡಿರಬಲ್ಲದು. ಯುಪಿಎಸ್ ತಯಾರಿಸುವವರ ಆಟವೆಲ್ಲ ಈ ಒಂದು ಅಲೆಯೊಳಗೇ.

ಅಗ್ಗದ ಆಫ್‌ಲೈನ್ ಯುಪಿಎಸ್ ಮಾಮೂಲಿ ದಿನಗಳಲ್ಲಿ ಗೋಡೆಯ ಕರೆಂಟನ್ನೇ ಸುಮ್ಮನೆ ದಾಟಿಸುತ್ತದೆ. ಕರೆಂಟ್ ಹೋದಾಗ 10 ಮಿಲಿಸೆಕೆಂಡಿನ ಒಳಗೆ ರಿಲೇ ತಿರುಗಿಸಿ ಬ್ಯಾಟರಿಗೆ ಬದಲಾಗುತ್ತದೆ. ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಲೈನ್ ಇಂಟರಾಕ್ಟಿವ್ ಅನ್ನುವುದು ಇದರ ಜೊತೆಗೆ ಒಂದು ಪುಟ್ಟ ಸ್ಟೆಬಿಲೈಸರನ್ನೂ ಸೇರಿಸಿದಂಥದ್ದು. ವೋಲ್ಟೇಜ್ ಏರುಪೇರಾದ ಪ್ರತಿ ಸಲವೂ ಬ್ಯಾಟರಿ ಮುಟ್ಟಬೇಕಾಗಿಲ್ಲ, ಹಾಗಾಗಿ ಬ್ಯಾಟರಿ ಜಾಸ್ತಿ ದಿನ ಬರುತ್ತದೆ. ಮನೆ, ಸಣ್ಣ ಆಫೀಸಿಗೆ ನಾನು ಹೇಳುವುದು ಇದನ್ನೇ.

ಆನ್‌ಲೈನ್ ಯುಪಿಎಸ್ ಬೇರೆಯೇ ಜಾತಿ. ಬರುವ ಕರೆಂಟನ್ನು ಪೂರ್ತಿ ಡಿಸಿ ಮಾಡಿ, ಅದರಿಂದ ಹೊಸದಾಗಿ ಎಸಿ, ಅಂದರೆ ಏರಿಳಿಯುವ ಕರೆಂಟಿನ ಅಲೆ ತಯಾರಿಸಿ ಕೊಡುತ್ತದೆ. ದಿನದ 24 ಗಂಟೆಯೂ ಇದೇ ಕೆಲಸ. ಬ್ಯಾಟರಿ ಆ ನಡುವಿನ ಡಿಸಿಗೆ ಜೋಡಣೆಯಾಗಿರುವುದರಿಂದ ಕರೆಂಟ್ ಹೋದರೆ ಬದಲಾಯಿಸಬೇಕಾದ್ದೇ ಏನಿಲ್ಲ, ಅಂತರ ಸೊನ್ನೆ. ಎರಡೆರಡು ಸಲ ಪರಿವರ್ತನೆ ಆಗುವುದರಿಂದ ಸ್ವಲ್ಪ ಕರೆಂಟ್ ವ್ಯರ್ಥ, ಫ್ಯಾನಿನ ಸದ್ದೂ ನಿರಂತರ. ಆಸ್ಪತ್ರೆಯ ಯಂತ್ರ, ಸರ್ವರ್ ಇಂಥವಕ್ಕೆ ಇದು ಬೇಕೇ ಬೇಕು.

ಮನೆಯ ಇನ್ವರ್ಟರ್ ಆಫ್‌ಲೈನ್ ಯುಪಿಎಸ್ಸಿನ ಅಣ್ಣ ಇದ್ದ ಹಾಗೆ. ದೊಡ್ಡ ಬ್ಯಾಟರಿ, ಆದರೆ ಬದಲಾಗುವುದು ನಿಧಾನ. ಫ್ಯಾನು, ಲೈಟಿಗೆ ಅದು ಲೆಕ್ಕಕ್ಕಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು. ಹಲವು ಇನ್ವರ್ಟರುಗಳ ಹಿಂದೆ "ಯುಪಿಎಸ್ ಮೋಡ್" ಅನ್ನುವ ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಬೇಗ ಬದಲಾಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನು ಗುಂಯ್‌ಗುಟ್ಟುವುದಕ್ಕೆ ಕಾರಣ ಅಲೆಯ ಆಕಾರ. ನುಣ್ಣಗೆ ಏರಿಳಿಯಬೇಕಾದ ಅಲೆ ಅಲ್ಲಿ ಚೌಕಚೌಕವಾಗಿ ಜಿಗಿಯುತ್ತದೆ, ಮೋಟಾರ್ ಅದರಲ್ಲಿ ಒಂದು ಪಾಲನ್ನು ಸದ್ದು ಮತ್ತು ಬಿಸಿಯಾಗಿ ಕಳೆಯುತ್ತದೆ. ಮೋಟಾರ್ ಇರುವ ಏನನ್ನೇ ಓಡಿಸುವುದಾದರೂ ಸೈನ್ ವೇವ್ ತೆಗೆದುಕೊಳ್ಳಿ.

ಯುಪಿಎಸ್ ಪೆಟ್ಟಿಗೆಯ ಮೇಲಿನ 600 ವಿಎ (ವೋಲ್ಟ್ ಆಂಪಿಯರ್) ನೋಡಿ 600 ವ್ಯಾಟ್ ಅಂದುಕೊಳ್ಳಬೇಡಿ. ಚಿಕ್ಕ ಅಕ್ಷರದಲ್ಲಿ 360 ವ್ಯಾಟ್ ಅಂತ ಬರೆದಿರುತ್ತದೆ, ಲೆಕ್ಕ ಹಿಡಿಯಬೇಕಾದ್ದು ಅದನ್ನು. ಲೇಸರ್ ಪ್ರಿಂಟರನ್ನಂತೂ ಸಣ್ಣ ಯುಪಿಎಸ್ಸಿಗೆ ಜೋಡಿಸಲೇಬೇಡಿ. ಅದರೊಳಗೆ ಶಾಯಿಪುಡಿಯನ್ನು ಕರಗಿಸುವ ಹೀಟರ್ ಇದೆ. ಅದು ಕೆಲಸಕ್ಕೆ ನಿಂತಾಗ ಎಳೆಯುವ ಕರೆಂಟಿಗೆ ಯುಪಿಎಸ್ ಕೈಚೆಲ್ಲುತ್ತದೆ. ಸ್ಟೆಬಿಲೈಸರ್, ಯುಪಿಎಸ್ ಎರಡೂ ಇದ್ದರೆ ಗೋಡೆಯ ಕಡೆಗೆ ಸ್ಟೆಬಿಲೈಸರ್, ಅದರಾಚೆ ಯುಪಿಎಸ್.

ಬ್ಯಾಟರಿ ಲೆಕ್ಕ ಯಾಕೆ ಸುಳ್ಳಾಗುತ್ತದೆ

ಲೆಡ್ ಆಸಿಡ್ ಬ್ಯಾಟರಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಮಾಡಿದ್ದು. ಅದೇ ಸೀಸ, ಅದೇ ಗಂಧಕಾಮ್ಲ ಇಂದಿಗೂ ನಮ್ಮ ಇನ್ವರ್ಟರಿನ ಕೆಳಗೆ ಕೂತಿದೆ.

ಬ್ಯಾಟರಿಯ ಮೇಲೆ ಬರೆದಿರುವುದು 150 ಎಎಚ್ (ಆಂಪಿಯರ್ ಅವರ್), 12 ವೋಲ್ಟ್ ಅಂದುಕೊಳ್ಳಿ. ಗುಣಿಸಿದರೆ 1800 ವ್ಯಾಟ್ ಅವರ್. 600 ವ್ಯಾಟ್ ಲೋಡಿಗೆ 3 ಗಂಟೆ ಬರಬೇಕು. ಬರುವುದಿಲ್ಲ. ಇನ್ವರ್ಟರ್ ತನ್ನ ಪಾಲಿಗೆ ಶೇಕಡಾ 15ರಷ್ಟು ತಿಂದರೆ ಎರಡೂವರೆ ಗಂಟೆ ಉಳಿಯಿತು. ಆಮೇಲೆ ದೊಡ್ಡ ಕತ್ತರಿ. ಆ 150 ಅನ್ನುವ ಅಂಕಿ ಸಾಮಾನ್ಯವಾಗಿ 20 ಗಂಟೆಯಲ್ಲಿ ನಿಧಾನವಾಗಿ, 7.5 ಆಂಪಿಯರ್ ಲೆಕ್ಕದಲ್ಲಿ ಇಳಿಸಿದರೆ ಸಿಗುವಂಥದ್ದು. ನಾವು ಎಳೆಯುತ್ತಿರುವುದು 60 ಆಂಪಿಯರ್ ಹತ್ತಿರ. ಅವಸರದಿಂದ ಎಳೆದಷ್ಟೂ ಸೀಸದ ಬ್ಯಾಟರಿ ಕೊಡುವ ಒಟ್ಟು ಮೊತ್ತವೇ ಕಡಿಮೆಯಾಗುತ್ತದೆ. ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ. ಅದರ ಪ್ರಕಾರ ಹೊಸ ಬ್ಯಾಟರಿಯಲ್ಲೂ ಕೈಗೆ ಸಿಗುವುದು ಒಂದೂವರೆ ಗಂಟೆ ಚಿಲ್ಲರೆ. ಲೋಡನ್ನು ಅರ್ಧ ಮಾಡಿದರೆ ಸಮಯ ಎರಡು ಪಟ್ಟಿಗಿಂತ ಜಾಸ್ತಿ ಸಿಗುತ್ತದೆ ಅನ್ನುವುದು ಇದರದ್ದೇ ಸಿಹಿ ಬದಿ.

ಬ್ಯಾಟರಿಯನ್ನು ಬೇಗ ಕೊಲ್ಲುವುದು ಮೂರು. ಪೂರ್ತಿ ಇಳಿಸಿ ಹಾಗೇ ಬಿಡುವುದು: ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ನೀರು ಕಡಿಮೆಯಾಗಲು ಬಿಡುವುದು, ಅಥವಾ ಡಿಸ್ಟಿಲ್ಡ್ ವಾಟರ್ ಬದಲು ನಲ್ಲಿ ನೀರು ಹಾಕುವುದು. ಮೂರನೆಯದು ಬಿಸಿ. 25 ಡಿಗ್ರಿಗಿಂತ 10 ಡಿಗ್ರಿ ಜಾಸ್ತಿ ಬಿಸಿಯಲ್ಲಿ ಇಟ್ಟರೆ ಆಯಸ್ಸು ಸುಮಾರು ಅರ್ಧವಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು ಶೇಕಡಾ 4 ಆದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳಬಹುದು. ಹಾಗಾಗಿ ಮುಚ್ಚಿದ ಕಪಾಟು ಬ್ಯಾಟರಿಗೆ ಜಾಗವಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ನೀರು ಹಾಕುವ, ಹೈಡ್ರೋಜನ್ ಬಿಡುವ ತಾಪತ್ರಯ ಇಲ್ಲ, ಸಾವಿರಾರು ಸಲ ಚಾರ್ಜ್ ಆಗುತ್ತದೆ. ಆದರೆ ಅದರ ಚಾರ್ಜಿಂಗ್ ವೋಲ್ಟೇಜ್ ಬೇರೆ. ಹಳೆಯ ಇನ್ವರ್ಟರಿಗೆ ಹಾಗೇ ತಗುಲಿಸಬಾರದು, ಲಿಥಿಯಂಗೆ ಹೊಂದುತ್ತದಾ ಅಂತ ನೋಡಿಯೇ ಕೊಳ್ಳಬೇಕು.

ರೌಟರ್ ಒಂದನ್ನೇ ಓಡಿಸಬೇಕಾದರೆ ಇಷ್ಟೆಲ್ಲ ಬೇಡ. ಅದಕ್ಕೆ ಬೇಕಾದ್ದು ಹೆಚ್ಚಾಗಿ 12 ವೋಲ್ಟ್ ಡಿಸಿ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ, ಅಡಾಪ್ಟರ್ ಅದನ್ನು ಮತ್ತೆ ಡಿಸಿ ಮಾಡುವ ಬದಲು, ನೇರ ಡಿಸಿ ಕೊಡುವ ಅಂಗೈಯಗಲದ ಯುಪಿಎಸ್ ಸಿಗುತ್ತದೆ. ಗಂಟೆಗಟ್ಟಲೆ ಬರುತ್ತದೆ.

ಯುಪಿಎಸ್ಸಿನ ಹಸಿರು ದೀಪವನ್ನೂ ನಂಬಬೇಡಿ. ಬ್ಯಾಟರಿಯಲ್ಲಿ ವೋಲ್ಟೇಜ್ ಇದೆ ಅನ್ನುವುದು ಅದಕ್ಕೆ ಗೊತ್ತು, ಲೋಡ್ ಎಳೆದಾಗ ಎಷ್ಟು ಹೊತ್ತು ತಾಳುತ್ತದೆ ಅನ್ನುವುದು ಗೊತ್ತಿಲ್ಲ. ಮೂರು ತಿಂಗಳಿಗೊಮ್ಮೆ, ಮುಖ್ಯ ಕೆಲಸ ಏನೂ ಇಲ್ಲದ ಹೊತ್ತಿನಲ್ಲಿ, ಗೋಡೆಯ ಸ್ವಿಚ್ ಆಫ್ ಮಾಡಿ ಗಡಿಯಾರ ನೋಡಿ. ಬೀಪ್ ಅವಸರದ್ದಾದಾಗ ನಿಲ್ಲಿಸಿ, ತಾರೀಖನ್ನೂ ನಿಮಿಷವನ್ನೂ ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಅಂಟಿಸಿ. ನನ್ನ ಯುಪಿಎಸ್ಸಿನ ಚೀಟಿಯಲ್ಲಿ ಮೊದಲ ಸಾಲು 22 ನಿಮಿಷ. ಮೂರನೇ ವರ್ಷದ ಸಾಲು 4. ಎರಡೂ ದಿನ ಹಸಿರು ದೀಪ ಒಂದೇ ರೀತಿ ಉರಿಯುತ್ತಿತ್ತು.